ಮೊದಲು ನೀರಿನ ಗೆರೆ

ಊರಿನ ಚಿತ್ರ ಬರೆಸುವಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಮನೆಯಿಂದ ಶುರು ಮಾಡಲು ಬಿಡುತ್ತಿರಲಿಲ್ಲ. ಗುಡಿ, ಹೆಂಚಿನ ಮನೆ, ತೆಂಗಿನ ಮರ ಅಂತ ನಮ್ಮ ಕೈ ಹೊರಟ ಕೂಡಲೇ ಸೀಮೆಸುಣ್ಣದ ತುಂಡಿನಿಂದ ಬೆರಳ ಗೆಣ್ಣಿಗೆ ಮೆಲ್ಲಗೆ ತಟ್ಟಿ, "ಮೊದಲು ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಒಂದು ಗೆರೆ ಎಳಿ. ಊರು ಅದರ ಪಕ್ಕಕ್ಕೆ ತಾನೇ ಬಂದು ಕೂತ್ಕೊಳ್ಳುತ್ತೆ" ಅನ್ನುತ್ತಿದ್ದರು. ತಿಪಟೂರಿನಿಂದಾಚೆಯ ನಮ್ಮೂರಿನಲ್ಲಿ ಆ ಗೆರೆ ಗುಡ್ಡದ ಬುಡದಿಂದ ಹೊರಟು ಕೆರೆಗೆ ಬರುತ್ತಿತ್ತು. ಅಲ್ಲಿಂದ ತೂಬಿನಲ್ಲಿ ಇಳಿದು ಗದ್ದೆ ಬಯಲಿಗೆ, ಮಳೆ ಚೆನ್ನಾಗಿ ಹಿಡಿದ ವರ್ಷ ಕೋಡಿ ಬಿದ್ದು ಹಳ್ಳಕ್ಕೆ. ಆ ಗೆರೆ ಎಳೆದ ಮೇಲೆ ಏರಿಯ ಮೇಲಿನ ದಾರಿ, ದಾರಿಯ ಕೊನೆಗೆ ಅರಳಿಕಟ್ಟೆ, ಕಟ್ಟೆಯ ಹಿಂದೆ ನಮ್ಮ ಶಾಲೆ, ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಿದ್ದವು.

1986ರಲ್ಲಿ ನಾನು ಏಳನೇ ಕ್ಲಾಸು. ಮೇಷ್ಟ್ರು ನಮ್ಮಲ್ಲಿ ಹತ್ತಾರು ಮಕ್ಕಳ ಚಿತ್ರಗಳನ್ನು ಆರಿಸಿ, ಬೆನ್ನ ಮೇಲೆ ಹೆಸರು ವಯಸ್ಸು ಬರೆಸಿ, ಎರಡು ರಟ್ಟಿನ ನಡುವೆ ಇಟ್ಟು ಬಟ್ಟೆಯಲ್ಲಿ ಹೊಲಿದರು. ಅರಗು ಕಾಯಿಸಿ ಹೊಲಿಗೆಯ ಮೇಲೆ ಒತ್ತಿದ್ದನ್ನು ನಾವೆಲ್ಲ ಸುತ್ತ ನಿಂತು ನೋಡಿದೆವು. ಆ ಕಟ್ಟು ಚೆಕೊಸ್ಲೊವಾಕಿಯಾಕ್ಕೆ ಹೋಗುವುದಿತ್ತು. "ಅಲ್ಲೊಂದು ಊರಿತ್ತು. ಯುದ್ಧದಲ್ಲಿ ಸುಟ್ಟು ನೆಲಸಮ ಮಾಡಿಬಿಟ್ಟರು. ಆ ಊರಿನ ಮಕ್ಕಳ ನೆನಪಿಗೆ ಈಗ ಪ್ರಪಂಚದ ಮಕ್ಕಳೆಲ್ಲ ಚಿತ್ರ ಕಳಿಸ್ತಾರೆ" ಎಂದರು. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು: "ಆ ಊರಲ್ಲಿ ಕೆರೆ ಇತ್ತಾ ಸಾರ್?" ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು, "ಗೊತ್ತಿಲ್ಲ ಕಣಪ್ಪ. ಊರು ಅಂದಮೇಲೆ ಇದ್ದೇ ಇರುತ್ತೆ" ಎಂದರು.

ಬಹುಮಾನ ನಮಗೆ ಯಾರಿಗೂ ಬರಲಿಲ್ಲ. ಊರಿನ ಹೆಸರನ್ನು ಮೇಷ್ಟ್ರು ಇಂಗ್ಲಿಷ್ ಅಕ್ಷರ ನೋಡಿ 'ಲಿಡೈಸ್' ಎಂದು ಹೇಳಿದ್ದರು. ನನ್ನ ತಲೆಯಲ್ಲಿ ಮೂವತ್ತು ವರ್ಷ ಅದು ಹಾಗೆಯೇ ಉಳಿಯಿತು. ಕೆಲಸದ ಮೇಲೆ ಪ್ರಾಗ್‌ಗೆ ಹೋದಾಗ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬ, ಕ್ಲಾದ್ನೋ ಪಟ್ಟಣದವನು, ನನ್ನ ಬಾಯಲ್ಲಿ ಆ ಹೆಸರು ಕೇಳಿ ಮೊದಲು ಏನೂ ಅರ್ಥವಾಗದೆ ನೋಡಿದ. ಕಾಗದದ ಮೇಲೆ ಬರೆದು ತೋರಿಸಿದೆ. "ಓ, ಲಿದಿತ್ಸೆ" ಎಂದ. ದನಿ ತಗ್ಗಿತ್ತು. ಶಾಲೆಯಲ್ಲಿದ್ದಾಗ ಮೇಷ್ಟ್ರ ಜೊತೆ ಅಲ್ಲಿಗೆ ಹೋಗಿದ್ದನಂತೆ. ಅವನ ತಾತ ಕ್ಲಾದ್ನೋದ ಉಕ್ಕಿನ ಕಾರ್ಖಾನೆಯಲ್ಲಿದ್ದವರು.

2017ರ ಜೂನ್ ತಿಂಗಳ ಒಂದು ಶನಿವಾರ ಅವನೂ ನಾನೂ ಹೋದೆವು. ಪ್ರಾಗ್‌ನಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರು, ಕ್ಲಾದ್ನೋ ಕಡೆಯ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇಕ್ಕೆಲದಲ್ಲೂ ಏರಿಳಿಯುವ ಗೋಧಿ ಹೊಲ. ಎಲ್ಲೂ ಎತ್ತರದ ಬೆಟ್ಟವಿಲ್ಲ, ನೆಲ ಮೆಲ್ಲಗೆ ಉಸಿರೆಳೆದು ಬಿಟ್ಟ ಹಾಗಿದೆ. ಬಸ್ ಇಳಿದು ಸ್ವಲ್ಪ ನಡೆದರೆ ಸ್ಮಾರಕದ ಕಟ್ಟಡ. ಅದನ್ನು ದಾಟಿ ಮುಂದೆ ಬಂದೆವು, ಎದುರಿಗೆ ಕಣಿವೆ ತೆರೆದುಕೊಂಡಿತು. ಆಳವಿಲ್ಲದ, ಬೊಗಸೆಯ ಹಾಗೆ ಬಾಗಿದ ಹಸಿರು ಕಣಿವೆ. ಹುಲ್ಲು, ಅಲ್ಲಲ್ಲಿ ಮರ, ತಳದಲ್ಲಿ ತೆಳ್ಳನೆಯ ಹಳ್ಳ. ಅಷ್ಟೇ. ನೋಡಲು ಅಷ್ಟು ಚೆಂದವಾಗಿತ್ತು ಎಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಮೇಷ್ಟ್ರ ಮಾತು ಕಿವಿಯಲ್ಲಿತ್ತು. ನಿಂತ ಜಾಗದಲ್ಲೇ ನೀರಿನ ಗೆರೆ ಹುಡುಕಿದೆ. ಹಳ್ಳ ಕಂಡಿತು. ಆದರೆ ಅದರ ಪಕ್ಕಕ್ಕೆ ಬಂದು ಕೂರಬೇಕಾದ ಊರು ಕಾಣಲಿಲ್ಲ.

ಲಿದಿತ್ಸೆಯ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 1318ರಲ್ಲಿ. ಆರುನೂರು ವರ್ಷ ಅದು ಬೊಹೀಮಿಯಾದ ನೂರಾರು ಹಳ್ಳಿಗಳಲ್ಲೊಂದಾಗಿ, ಹೊಲ ಉತ್ತುಕೊಂಡು, ದೊಡ್ಡ ಚರಿತ್ರೆಯ ಕಣ್ಣಿಗೆ ಬೀಳದೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಕ್ಲಾದ್ನೋ ಸುತ್ತ ಕಲ್ಲಿದ್ದಲು ತೆಗೆಯತೊಡಗಿದರು, ಅದರ ಹಿಂದೆಯೇ ಕಬ್ಬಿಣ, ಉಕ್ಕಿನ ಕುಲುಮೆಗಳು ಬಂದವು. 1889ರಲ್ಲಿ ಶುರುವಾದ ಪೋಲ್ದಿ ಕಾರ್ಖಾನೆ ಅವುಗಳಲ್ಲಿ ಹೆಸರುವಾಸಿ. ಲಿದಿತ್ಸೆಯ ಗಂಡಸರು ಬಹಳ ಜನ ಗಣಿಗೆ, ಕುಲುಮೆಗೆ ಪಾಳಿಯ ಮೇಲೆ ಹೋಗುವವರಾದರು. ಊರಿನಲ್ಲಿ ಕೋಳಿ, ತರಕಾರಿ ಮಡಿ, ಹಣ್ಣಿನ ಮರ. ಇಳಿಜಾರಿನ ಮೇಲೆ 1732ರಲ್ಲಿ ಕಟ್ಟಿದ ಸಂತ ಮಾರ್ಟಿನ್ ಚರ್ಚು, ಒಂದು ಶಾಲೆ, ಹೊರಾಕ್ ಮನೆತನದ ದೊಡ್ಡ ತೋಟದ ಮನೆ. 1942ರ ಹೊತ್ತಿಗೆ ಹೆಚ್ಚುಕಡಿಮೆ ಐನೂರು ಜನ.

ಸ್ಮಾರಕದ ವಸ್ತುಸಂಗ್ರಹಾಲಯದೊಳಗೆ ಆ ಊರಿನ ಹಳೆಯ ಫೋಟೋಗಳಿವೆ. ಒಂದರ ಮುಂದೆ ನಾನು ಬಹಳ ಹೊತ್ತು ನಿಂತೆ. ಇಳಿಜಾರಿನ ಮೇಲೆ ಚರ್ಚಿನ ಗೋಪುರ, ಕೆಳಗೆ ಒತ್ತೊತ್ತಾಗಿ ಮನೆಗಳ ಸೂರು, ಇನ್ನೂ ಕೆಳಗೆ ನೀರು. ಕೆರೆ! ಅಲ್ಲಿನವರು ಅದಕ್ಕೆ ರಿಬ್ನೀಕ್ ಅನ್ನುತ್ತಾರೆ, ಮೀನು ಸಾಕಲು ಕಟ್ಟಿಸಿದ ಕೊಳ. ಬೊಹೀಮಿಯಾದ ಊರೂರಲ್ಲೂ ಅಂಥದ್ದೊಂದಿರುತ್ತದೆ. ಬೇಸಿಗೆಯಲ್ಲಿ ಬಾತುಕೋಳಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುವ ಮಕ್ಕಳು. ಮೂವತ್ತೊಂದು ವರ್ಷದ ಹಿಂದೆ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರು ಗೋಡೆಯ ಮೇಲಿತ್ತು. ಇದನ್ನು ಮೇಷ್ಟ್ರಿಗೆ ಹೇಳಬೇಕು ಅಂತ ಆಗಲೇ ಅಂದುಕೊಂಡೆ.

ಆಮೇಲೆ ನಡೆದದ್ದನ್ನು ಆದಷ್ಟು ಚಿಕ್ಕದಾಗಿ ಹೇಳುತ್ತೇನೆ. ಚೆಕ್ ನೆಲವನ್ನು ಹಿಟ್ಲರನ ಪರವಾಗಿ ಆಳುತ್ತಿದ್ದ ರೈನ್‌ಹಾರ್ಡ್ ಹೈಡ್ರಿಖ್ ಮೇಲೆ 1942ರ ಮೇ 27ರಂದು ಪ್ರಾಗ್‌ನಲ್ಲಿ ದಾಳಿಯಾಯಿತು. ಬ್ರಿಟನ್ನಿನಿಂದ ವಿಮಾನದಲ್ಲಿ ಬಂದು ಪ್ಯಾರಾಚೂಟಿನಲ್ಲಿ ಇಳಿದಿದ್ದ ಯೋಸೆಫ್ ಗಾಬ್ಚೀಕ್, ಯಾನ್ ಕುಬಿಷ್ ಎಂಬ ಇಬ್ಬರು ಸೈನಿಕರ ಕೆಲಸ ಅದು. ಜೂನ್ 4ರಂದು ಹೈಡ್ರಿಖ್ ಸತ್ತ. ಲಿದಿತ್ಸೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕಾರ್ಖಾನೆಯೊಂದರ ಹುಡುಗಿಗೆ ಯಾರೋ ಬರೆದ ಪ್ರೇಮಪತ್ರ ಪೊಲೀಸರ ಕೈಗೆ ಸಿಕ್ಕಿತು. ಅದರಲ್ಲಿನ ಗೂಢ ಮಾತುಗಳ ಎಳೆ ಹಿಡಿದು ಅವರು ಹೊರಾಕ್ ಮನೆಯವರೆಗೆ ಬಂದರು. ಆ ಮನೆಯ ಮಗ, ಅದೇ ಊರಿನ ಇನ್ನೊಂದು ಮನೆಯ ಮಗ, ಇಬ್ಬರೂ ಬ್ರಿಟನ್ನಿನಲ್ಲಿದ್ದ ಚೆಕೊಸ್ಲೊವಾಕ್ ಪಡೆಯಲ್ಲಿದ್ದರು. ಊರು ಶೋಧಿಸಿದರೂ ಏನೂ ಸಿಗಲಿಲ್ಲ. ಆದರೂ ಸೇಡು ತೀರಿಸಿಕೊಳ್ಳಲು ಜರ್ಮನ್ನರು ಆ ಊರನ್ನೇ ಆರಿಸಿಕೊಂಡರು.

ಜೂನ್ 9ರ ರಾತ್ರಿ ಸುತ್ತುವರಿದರು. ಬೆಳಗಾದ ಮೇಲೆ ಹೊರಾಕ್ ಅವರ ತೋಟದಲ್ಲಿ 173 ಗಂಡಸರನ್ನು, ಹದಿಹರೆಯದ ಹುಡುಗರೂ ಸೇರಿದಂತೆ, ಮೊದಲು ಐದೈದು ಜನರಂತೆ, ಆಮೇಲೆ ಹತ್ತತ್ತು ಜನರಂತೆ ನಿಲ್ಲಿಸಿ ಗುಂಡಿಕ್ಕಿದರು. ಗುಂಡು ಗೋಡೆಗೆ ಬಡಿದು ವಾಪಸು ಸಿಡಿಯದಿರಲಿ ಎಂದು ಮನೆಮನೆಯಿಂದ ಹಾಸಿಗೆ ತಂದು ಗೋಡೆಗೆ ಒರಗಿಸಿದ್ದರು. ಆ ಜನ ಹಿಂದಿನ ರಾತ್ರಿ ಮಲಗಿದ್ದ ಹಾಸಿಗೆಗಳು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ಪಾದ್ರಿಯಾಗಿದ್ದ, 73 ವರ್ಷದ ಯೋಸೆಫ್ ಶ್ಟೆಂಬೆರ್ಕಾ ತಮ್ಮ ಜನರ ಜೊತೆಗೇ ಸತ್ತರು. ಗಣಿಯಲ್ಲಿ ಪಾಳಿಯ ಮೇಲಿದ್ದವರನ್ನೂ ಹುಡುಕಿ ತಂದು ಪ್ರಾಗ್‌ನಲ್ಲಿ ಕೊಂದರು. ಹೆಂಗಸರನ್ನೂ ಮಕ್ಕಳನ್ನೂ ಕ್ಲಾದ್ನೋದ ಶಾಲೆಯೊಂದರ ವ್ಯಾಯಾಮದ ಹಾಲ್‌ನಲ್ಲಿ ಕೂಡಿಹಾಕಿ, ಮೂರನೇ ದಿನ ತಾಯಂದಿರಿಂದ ಮಕ್ಕಳನ್ನು ಬಿಡಿಸಿಕೊಂಡರು. ಹೆಂಗಸರು ರಾವೆನ್ಸ್‌ಬ್ರುಕ್ ಶಿಬಿರಕ್ಕೆ. ಮಕ್ಕಳಲ್ಲಿ 82 ಜನ ಪೋಲೆಂಡಿನ ಹೆಲ್ಮ್‌ನೋದಲ್ಲಿ ವಿಷಾನಿಲಕ್ಕೆ ಬಲಿಯಾದರು. ಅದಕ್ಕೆ ಮೊದಲು ವುಡ್ಜ್ ನಗರದಲ್ಲಿ ಇಟ್ಟಿದ್ದಾಗ ಅವರಲ್ಲಿ ಕೆಲವರು ಬಂಧುಗಳಿಗೆ ಕಾಗದ ಬರೆದಿದ್ದರು. ಬಟ್ಟೆ ಬೇಕು, ಕಾಲಿಗೆ ಶೂ ಬೇಕು ಎಂದು.

ಜನರನ್ನು ಕೊಲ್ಲುವ ಸುದ್ದಿ ಆ ಯುದ್ಧದಲ್ಲಿ ಎಲ್ಲ ಕಡೆಯೂ ಇದೆ. ಇಲ್ಲಿ ಅದು ಅಲ್ಲಿಗೆ ನಿಲ್ಲಲಿಲ್ಲ. ಮನೆಗಳನ್ನು ಸುಟ್ಟರು, ಸುಟ್ಟ ಗೋಡೆಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. ಆಮೇಲೆ ಕೂಲಿ ಪಡೆಯವರನ್ನು ತಂದು ತಿಂಗಳುಗಟ್ಟಲೆ ನೆಲದ ಮೇಲೆ ಕೆಲಸ ಮಾಡಿಸಿದರು. ಸ್ಮಶಾನ ಅಗೆದು ಗೋರಿಗಳನ್ನು ಒಡೆದರು. ಹಣ್ಣಿನ ಮರಗಳನ್ನು ಬೇರುಸಹಿತ ಕಿತ್ತರು. ರಸ್ತೆ ತಪ್ಪಿಸಿದರು. ಕೆರೆಗೆ ಮಣ್ಣು ತುಂಬಿದರು. ಹಳ್ಳವನ್ನು ಬೇರೆ ದಿಕ್ಕಿಗೆ ತಿರುಗಿಸಿದರು. 1943ರಲ್ಲೂ ಕೆಲಸ ನಡೆದಿತ್ತು. ಊರಿನ ಹೆಸರನ್ನು ನಕ್ಷೆಯಿಂದ ತೆಗೆದರು.

ಇದನ್ನೆಲ್ಲ ಅವರೇ ಸಿನಿಮಾ ಹಿಡಿದಿಟ್ಟರು. ವಸ್ತುಸಂಗ್ರಹಾಲಯದ ಕತ್ತಲ ಕೋಣೆಯಲ್ಲಿ ಅದನ್ನು ತೋರಿಸುತ್ತಾರೆ. ಮುಂದೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅದೇ ಚಿತ್ರ ಅವರ ವಿರುದ್ಧ ಸಾಕ್ಷಿಯಾಯಿತು. ಚರ್ಚಿನ ಗೋಡೆ ಹೊಗೆಯೊಳಗೆ ಕುಸಿಯುವುದನ್ನು ನೋಡಿದೆ. ನನ್ನ ಎದೆ ಒಡೆದದ್ದು ಮಾತ್ರ ಅದಕ್ಕಲ್ಲ, ಕೆರೆಗೆ ಮಣ್ಣು ತುಂಬಿದರು ಎಂಬ ಒಂದು ಸಾಲಿಗೆ. ಕೆರೆ ಯಾರ ಮೇಲೆ ಬಾಂಬು ಹಾಕಿತ್ತು? ಕೆರೆಯೊಂದು ಉಳಿದರೆ ಅದರ ದಡದಲ್ಲಿ ನಿಂತು 'ನಮ್ಮ ಮನೆ ಇಲ್ಲಿಂದ ಎಡಕ್ಕೆ ಮೂರನೆಯದು' ಎಂದು ಯಾರಾದರೂ ಬೆರಳು ತೋರಿಸಬಹುದು. ಆ ಬೆರಳಿಗೆ ಏನೂ ಸಿಗದ ಹಾಗೆ ಮಾಡಬೇಕಿತ್ತು ಅವರಿಗೆ.

ಬೆರಳು ತೋರಿಸಲು ಒಬ್ಬ ಮನುಷ್ಯ ಬಂದೂ ಬಂದ. ಫ್ರಾಂತಿಶೆಕ್ ಸಾಯ್ದ್ಲ್ ಆತನ ಹೆಸರು. 1938ರ ಡಿಸೆಂಬರಿನಲ್ಲಿ ಕೈತಪ್ಪಿನಿಂದ ತನ್ನ ಮಗನ ಸಾವಿಗೆ ಕಾರಣನಾಗಿ ಜೈಲು ಸೇರಿದ್ದವನು. ಒಳಗಿದ್ದವನಿಗೆ ಊರಿನ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. 1942ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಮುಂಚೆ, ಶಿಕ್ಷೆ ಮುಗಿಸಿ ಮನೆಗೆಂದು ಬಂದ. ಆ ಚಳಿಯಲ್ಲಿ ದಿಬ್ಬವೇರಿ ನಿಂತ ಮನುಷ್ಯನನ್ನು ನಾನು ಎಷ್ಟೋ ಸಲ ಕಣ್ಮುಂದೆ ತಂದುಕೊಂಡಿದ್ದೇನೆ. ದಾರಿ ತಪ್ಪಿದೆನೇ ಎಂದುಕೊಂಡಿರಬೇಕು. ಹಳ್ಳ ಎಲ್ಲಿ, ಕೆರೆ ಎಲ್ಲಿ ಎಂದು ಮೊದಲು ಅದನ್ನೇ ಹುಡುಕಿರಬೇಕು. ವಿಷಯ ತಿಳಿದ ಮೇಲೆ ನೇರ ಕ್ಲಾದ್ನೋಗೆ ಹೋಗಿ ಜರ್ಮನ್ ಅಧಿಕಾರಿಗಳ ಮುಂದೆ ನಿಂತು ತಾನೂ ಲಿದಿತ್ಸೆಯವನು, ಹೈಡ್ರಿಖ್‌ನನ್ನು ಕೊಂದದ್ದು ಸರಿ ಎಂದ. ತನ್ನನ್ನೂ ಕೊಲ್ಲಲಿ ಎಂದೇ ಹೇಳಿದ ಮಾತು. ಅವರು ನಕ್ಕು ಹೊರಗೆ ಕಳಿಸಿದರು. 1961ರವರೆಗೆ ಬದುಕಿದ್ದ.

1945ರಲ್ಲಿ ರಾವೆನ್ಸ್‌ಬ್ರುಕ್‌ನಿಂದ 143 ಹೆಂಗಸರು ಮರಳಿದರು. ಗಂಡಂದಿರು, ಮಕ್ಕಳು ಎಲ್ಲೋ ಇದ್ದಾರೆ ಎಂಬ ನಂಬಿಕೆಯಲ್ಲೇ ಮೂರು ವರ್ಷ ಶಿಬಿರದಲ್ಲಿ ಕಳೆದವರು ಬಹಳ ಜನ. ನಿಜ ತಿಳಿದದ್ದು ವಾಪಸು ಬಂದ ಮೇಲೆ. ಮಕ್ಕಳಲ್ಲಿ ಮನೆ ಸೇರಿದ್ದು 17 ಜನ ಮಾತ್ರ. ಅವರಲ್ಲಿ ಕೆಲವರನ್ನು 'ಜರ್ಮನ್ನರನ್ನಾಗಿ ಮಾಡಬಹುದು' ಎಂದು ಆರಿಸಿ, ಹೆಸರು ಬದಲಿಸಿ, ಜರ್ಮನ್ ಮನೆಗಳಿಗೆ ಸಾಕಲು ಕೊಟ್ಟಿದ್ದರು. ಮಾರಿಯೆ ದೊಲೆಝಲೋವಾ ಎಂಬ ಹುಡುಗಿ ಅವರಲ್ಲೊಬ್ಬಳು. ಹತ್ತನೇ ವಯಸ್ಸಿನಲ್ಲಿ ತಾಯಿಯಿಂದ ದೂರವಾದವಳು ಮತ್ತೆ ಸಿಕ್ಕಾಗ ತಾಯಿ ಆಸ್ಪತ್ರೆಯಲ್ಲಿ ಕ್ಷಯದಿಂದ ಮಲಗಿದ್ದಳು. ಮಗಳಿಗೆ ಚೆಕ್ ಮರೆತಿತ್ತು. ಮಂಚದ ಪಕ್ಕ ಮೂರನೆಯವರೊಬ್ಬರು ನಿಂತು ಮಾತು ದಾಟಿಸಬೇಕಾಯಿತು. ತಾಯಿ ಕೆಲವೇ ತಿಂಗಳಲ್ಲಿ ತೀರಿಕೊಂಡಳು. 1947ರಲ್ಲಿ ಮಾರಿಯೆ ನ್ಯೂರೆಂಬರ್ಗ್‌ನಲ್ಲಿ ಸಾಕ್ಷಿ ಹೇಳಿದಳು. ಹದಿನೈದು ವರ್ಷದ ಹುಡುಗಿ. ಬೇರೆ ಭಾಷೆಯ ನಾಡಿನಲ್ಲಿ ಮಗಳನ್ನು ಬೆಳೆಸುತ್ತಿದ್ದ ನಾನು, ರಾತ್ರಿ ಮಲಗುವ ಮುಂಚೆ ಅವಳ ಜೊತೆ ಕನ್ನಡದಲ್ಲೇ ನಾಲ್ಕು ಮಾತಾಡುವುದನ್ನು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಊರಿನ ಹೆಸರು ನಕ್ಷೆಯಿಂದ ಹೋಯಿತು, ಆದರೆ ಕೊಂದವರೇ ಅದನ್ನು ರೇಡಿಯೋದಲ್ಲಿ ಸಾರಿದ್ದರಿಂದ ಜಗತ್ತಿಗೆಲ್ಲ ಗೊತ್ತಾಯಿತು. ಅಮೆರಿಕದ ಇಲಿನಾಯ್‌ನಲ್ಲಿ, ಮೆಕ್ಸಿಕೋದಲ್ಲಿ, ವೆನೆಜುವೆಲಾದಲ್ಲಿ, ಪನಾಮದಲ್ಲಿ ಊರುಗಳಿಗೂ ಬಡಾವಣೆಗಳಿಗೂ ಆ ಹೆಸರಿಟ್ಟರು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಎಂಬ ನಗರದ ಕತೆ. ಅದೂ ಗಣಿಗಳ ಸೀಮೆ. ಅಲ್ಲಿನ ವೈದ್ಯ ಬಾರ್ನೆಟ್ ಸ್ಟ್ರಾಸ್ ಮುಂದಾಗಿ 'ಲಿದಿತ್ಸೆ ಬದುಕಬೇಕು' ಎಂಬ ಚಳವಳಿ ಕಟ್ಟಿದರು. 1942ರ ಸೆಪ್ಟೆಂಬರ್ 6ರಂದು ಅದು ಶುರುವಾದಾಗ ಚೆಕೊಸ್ಲೊವಾಕಿಯಾದ ದೇಶಭ್ರಷ್ಟ ಅಧ್ಯಕ್ಷ ಎಡ್ವರ್ಡ್ ಬೆನೆಶ್ ಕೂಡ ಅಲ್ಲಿದ್ದರು. ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲಿ ತೆಗೆದು ಕೊಟ್ಟರು. ತಾವು ಎಂದೂ ನೋಡದ ಊರಿಗೆ, ನೆಲದಡಿಯ ಅದೇ ಮಸಿ ಮೈಗೆ ಮೆತ್ತಿಕೊಂಡವರ ಊರಿಗೆ. 1955ರಲ್ಲಿ ತೆರೆದ ಗುಲಾಬಿ ತೋಟದ ಯೋಚನೆಯೂ ಸ್ಟ್ರಾಸ್ ಅವರದೇ. ನಾನಾ ದೇಶಗಳಿಂದ ಗಿಡಗಳು ಬಂದವು.

ನಾವು ಹೋದ ದಿನ ಆ ತೋಟ ಹೂವಿನಿಂದ ತುಂಬಿತ್ತು. ಹಳೆಯ ಊರಿನ ಬಯಲಿಗೂ ಹೊಸ ಊರಿಗೂ ನಡುವೆ ಇರುವುದು ಅದು. ಹೊಸ ಲಿದಿತ್ಸೆಗೆ 1947ರಲ್ಲಿ ಅಡಿಗಲ್ಲು ಹಾಕಿ, ಹಳೆಯದಕ್ಕೆ ಕೂಗಳತೆಯ ದೂರದಲ್ಲಿ 150 ಮನೆ ಕಟ್ಟಿದರು. ಸಾಲು ಮನೆ, ಮುಂದೆ ಪುಟ್ಟ ತೋಟ, ಅಂಗಳದಲ್ಲಿ ಮಕ್ಕಳ ಸೈಕಲ್ಲು. ಹಳೆಯ ಜಾಗದ ಮೇಲೆ ಕಟ್ಟಲಿಲ್ಲ. ಅಲ್ಲಿ ನೆಲದಲ್ಲಿ ಚರ್ಚಿನ ತಳಪಾಯ, ಶಾಲೆಯ ತಳಪಾಯ, ಹೊರಾಕ್ ಮನೆಯ ನೆಲಮಾಳಿಗೆಯ ಕಲ್ಲುಗೋಡೆ, ಗಂಡಸರ ಸಾಮೂಹಿಕ ಗೋರಿ. ನಾಶವನ್ನು ದಾಟಿ ಉಳಿದ ಒಂದು ಪಿಯರ್ ಮರ. ಅದರ ತೊಗಟೆ ಮುಟ್ಟಿ ನೋಡಿದೆ, ನಮ್ಮ ಹುಣಸೆಯ ಹಾಗೆ ಒರಟು.

ಇಳಿಜಾರಿನಲ್ಲಿ ಕಂಚಿನ ಮಕ್ಕಳು ನಿಂತಿದ್ದಾರೆ. 42 ಹುಡುಗಿಯರು, 40 ಹುಡುಗರು. ಶಿಲ್ಪಿ ಮಾರಿಯೆ ಉಖಿತಿಲೋವಾ 1969ರಲ್ಲಿ ಕೈಹಾಕಿ ಇಪ್ಪತ್ತು ವರ್ಷ ಈ ಒಂದೇ ಕೆಲಸದಲ್ಲಿ ಮುಳುಗಿದರು. ಚೆಕೊಸ್ಲೊವಾಕಿಯಾದ ಒಂದು ಕ್ರೌನ್ ನಾಣ್ಯದ ಮೇಲಿನ, ಮಂಡಿಯೂರಿ ಸಸಿ ನೆಡುವ ಹೆಣ್ಣಿನ ಚಿತ್ರವೂ ಅವರದೇ. ಮಕ್ಕಳೆಲ್ಲ ಗಾರೆಯಲ್ಲಿ ಮೈದಳೆದರು. ಕಂಚಿನಲ್ಲಿ ಎರಕವಾಗುವುದನ್ನು ನೋಡದೆ 1989ರ ನವೆಂಬರಿನಲ್ಲಿ ಉಖಿತಿಲೋವಾ ತೀರಿಕೊಂಡರು. ಗಂಡ ಯಿರ್ಶಿ ಹಾಂಪ್ಲ್ ಒಬ್ಬೊಬ್ಬರನ್ನೇ ಎರಕ ಹೊಯ್ಯಿಸುತ್ತ, 2000ದಲ್ಲಿ ಕೊನೆಯವರನ್ನು ತಂದು ನಿಲ್ಲಿಸಿದರು. ಮಕ್ಕಳು ಕಣಿವೆಯ ಕಡೆ ಮುಖ ಮಾಡಿದ್ದಾರೆ. ಯಾರೋ ಪಾದದ ಬಳಿ ಇಟ್ಟುಹೋದ ಬಟ್ಟೆಯ ಮೊಲ ಹಿಂದಿನ ರಾತ್ರಿಯ ಮಳೆಗೆ ನೆನೆದು ಒಂದು ಕಿವಿ ಮುಖದ ಮೇಲೆ ಅಂಟಿತ್ತು. ನನ್ನ ಸ್ನೇಹಿತ ಬಗ್ಗಿ ಅದನ್ನು ಎತ್ತಿ, ನೀರು ಹಿಂಡಿ, ಕಿವಿ ನೆಟ್ಟಗೆ ಮಾಡಿ ಮತ್ತೆ ಅಲ್ಲೇ ಕೂರಿಸಿದ. ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಮಕ್ಕಳ ಚಿತ್ರಗಳ ಪ್ರದರ್ಶನ ಹೊಸ ಊರಿನ ಗ್ಯಾಲರಿಯಲ್ಲಿ ನಡೆಯುತ್ತದೆ. 1967ರಲ್ಲಿ ತಮ್ಮ ದೇಶದ ಮಕ್ಕಳಿಗೆಂದು ಆರಂಭಿಸಿದ್ದು ಕೆಲವೇ ವರ್ಷಗಳಲ್ಲಿ ಎಲ್ಲ ದೇಶಗಳಿಗೂ ಹಬ್ಬಿತು. ಗೋಡೆತುಂಬ ಬಣ್ಣ. ಹೆಸರು, ವಯಸ್ಸು, ದೇಶ. ಭಾರತದ ಮಕ್ಕಳ ಚಿತ್ರಗಳೂ ಇದ್ದವು. ನಮ್ಮ ಕಟ್ಟು 1986ರಲ್ಲಿ ಇಲ್ಲಿಗೇ ಬಂದಿತ್ತು, ಯಾರೋ ಕತ್ತರಿ ಹಿಡಿದು ಮೇಷ್ಟ್ರ ಹೊಲಿಗೆ ಬಿಚ್ಚಿದ್ದರು ಎಂದು ನೆನೆದಾಗ ಗಂಟಲು ಕಟ್ಟಿತು. ನಮ್ಮೂರಿನ ಕೆರೆ, ತೂಬು, ಕೋಡಿ, ಹಳ್ಳ ಒಂದು ಹಾಳೆಯಲ್ಲಿ ಸೇರಿ, ಕೆರೆ ಕಳೆದುಕೊಂಡ ಊರಿಗೆ ಬಂದಿದ್ದವು.

ಮುಂದಿನ ವರ್ಷ ರಜೆಗೆ ಊರಿಗೆ ಬಂದಾಗ ಮೇಷ್ಟ್ರ ಮನೆಗೆ ಹೋದೆ. ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಜಗಲಿಯ ಮೇಲೆ ಕೂತಿದ್ದರು. "ಯಾರಪ್ಪಾ?" ಎಂದರು. ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು.

"ಸಾರ್, ನಾವು ಚಿತ್ರ ಕಳಿಸಿದ್ವಲ್ಲ, ಆ ಊರಿಗೆ ಹೋಗಿದ್ದೆ. ಅಲ್ಲಿ ಕೆರೆ ಇತ್ತು ಸಾರ್."

ಮೇಷ್ಟ್ರು ತಲೆಯಾಡಿಸಿದರು. ಬಹಳ ಹಿಂದೆಯೇ ಗೊತ್ತಿದ್ದ ವಿಷಯವನ್ನು ಈಗ ಯಾರೋ ಬಂದು ಹೇಳಿದ ಹಾಗೆ. ಒಳಗಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ತರಿಸಿ, ಬೆನ್ನು ಮೇಲೆ ಮಾಡಿ ಮುಂದಿಟ್ಟು, "ಬರಿ" ಎಂದರು. ಹಳ್ಳದ ಗೆರೆ ಎಳೆದೆ. ಕೆರೆ ಬರೆದೆ. ಕೈ ಸ್ವಲ್ಪ ನಡುಗಿತು.

"ಚರ್ಚು ಕೆರೆಗಿಂತ ಮೇಲಿತ್ತೋ, ಕೆಳಗೋ?"

"ಮೇಲೆ ಸಾರ್, ಇಳಿಜಾರಿನ ಮೇಲೆ."

ಪೆನ್ಸಿಲ್ ಇಸಿದುಕೊಂಡು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ನಾನು ತೆಳ್ಳಗೆ ಎಳೆದಿದ್ದ ನೀರಿನ ಗೆರೆಯ ಮೇಲೆ ಮತ್ತೊಂದು ಸಲ ಒತ್ತಿ ಎಳೆದರು. ಚರ್ಚಿನ ಜಾಗಕ್ಕೆ ಒಂದು ಗುರುತು ಹಾಕಿದರು. ಪೆನ್ಸಿಲನ್ನು ವಾಪಸು ನನ್ನ ಕೈಗೆ ಕೊಟ್ಟು, "ಹ್ಞೂಂ, ಈಗ ಮನೆಗಳನ್ನ ಬರಿ" ಎಂದರು.